ಲಕ್ಕವ್ವನ ಮೆಸ್ಸು ಮುಚ್ಚಿದ್ದು

ನಿಟ್ಟೆ
14-9-2025, ಭಾನುವಾರ

ನನ್ನ ಆಶ್ರಿತಾ,

ಅಮ್ಮ ಕಾಗದ ಬರೆದಿದ್ದಾಳೆ ಅಂದರೆ ಮನೆಯಲ್ಲಿ ಯಾರಿಗೋ ಎಂತದೋ ಆಗಿದೆ ಅಂತ ಹೆದರಬೇಡ. ಎಲ್ಲರೂ ಸೌಖ್ಯ. ಅಪ್ಪನ ಮಂಡಿನೋವು ಇದ್ದ ಹಾಗೇ ಉಂಟು. ನಿನ್ನ ತಮ್ಮ ಪ್ರಖ್ಯಾತನಿಗೆ ಬಿ.ಕಾಂ. ಪರೀಕ್ಷೆ ಹತ್ತಿರ ಬಂತು, ಪುಸ್ತಕ ಮಾತ್ರ ಅವನ ಹತ್ತಿರ ಬರುವುದಿಲ್ಲ. ಮಣಿಪಾಲದ ಆ ಪಿ.ಜಿ.ಯಲ್ಲಿ ನಿನಗೆ ಊಟ ಸರಿ ಸಿಗುತ್ತದಾ? ಲ್ಯಾಬಿನಲ್ಲಿ ಕೆಲಸ ಜಾಸ್ತಿ ಅಂತ ಮಧ್ಯಾಹ್ನದ ಊಟ ಬಿಡಬೇಡ. ಮಾವಿನ ಮಿಡಿ ಉಪ್ಪಿನಕಾಯಿಯ ಜೊತೆ ಈ ಕಾಗದವನ್ನು ಪ್ರಖ್ಯಾತನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವನು ಓದದ ಹಾಗೆ ಗೋಂದು ಹಚ್ಚಿದ್ದೇನೆ.

ತಡವಾಯಿತು, ಕ್ಷಮಿಸು. ಲಕ್ಕವ್ವನ ಮೆಸ್ ಯಾಕೆ ಮುಚ್ಚಿತು, ಅವಳ ಮಗಳು ಶಿಲ್ಪಾ ಯಾಕೆ ನಿನ್ನ ಫೋನ್ ಎತ್ತುವುದಿಲ್ಲ ಅಂತ ನೀನು ಕೇಳಲು ಶುರು ಮಾಡಿ ಎರಡು ವಾರವಾಯಿತು. ಕೇಳಿದಾಗಲೆಲ್ಲ ನಾನು ಕುಕ್ಕರ್ ಕೂಗಿತು ಅಂತ ಫೋನ್ ಇಟ್ಟೆ. ಕುಕ್ಕರ್ ಕೂಗಿರಲಿಲ್ಲ. ಎರಡು ವರ್ಷ ಒಂದೇ ಬಸ್ಸಿನಲ್ಲಿ ಕಾರ್ಕಳದ ಕಾಲೇಜಿಗೆ ಹೋದವರು ನೀವು. ನಿಮ್ಮಿಬ್ಬರ ಸ್ನೇಹ ಹೀಗೆ ಹಾಳಾಗಬಾರದು ಅಂತ ಇವತ್ತು ಗಟ್ಟಿ ಮನಸ್ಸು ಮಾಡಿ ಕುಳಿತಿದ್ದೇನೆ.

ಲಕ್ಕವ್ವ ಬರುವ ಮೊದಲು ಹಾಸ್ಟೆಲಿನ ಹಿಂದಿನ ರಸ್ತೆಯಲ್ಲಿ ಇದ್ದದ್ದು ನಮ್ಮದೊಂದೇ ಮೆಸ್, ನಾನೊಬ್ಬಳೇ ರಾಣಿ. ಸಾಂಬಾರು ನೀರಾಗಿದ್ದರೂ ಮಕ್ಕಳು ಮಾತಾಡದೆ ಉಂಡು ಏಳುತ್ತಿದ್ದರು. ಪಾಪ, ಹೋಗುವುದಾದರೂ ಎಲ್ಲಿಗೆ? ಆಮೇಲೆ ಗಾರೆ ಕೆಲಸಕ್ಕೆ ಅಂತ ಕೊಪ್ಪಳದಿಂದ ಬಂದ ಮಾನಪ್ಪನ ಹೆಂಡತಿ ಈ ಲಕ್ಕವ್ವ, ಎದುರಿಗೇ ಹೆರಾಲ್ಡರ ಕಟ್ಟಡದಲ್ಲಿ ರೂಮು ಹಿಡಿದು ಜೋಳದ ರೊಟ್ಟಿ ತಟ್ಟಲು ಕುಳಿತಳು. ಆ ಟಪಟಪ ಸದ್ದು ನಮ್ಮ ಒಲೆಯ ಹತ್ತಿರಕ್ಕೇ ಕೇಳುತ್ತಿತ್ತು. ಬಾಗಲಕೋಟೆ, ರಾಯಚೂರಿನ ಮಕ್ಕಳು ಒಂದೇ ತಿಂಗಳಲ್ಲಿ ಆ ಕಡೆಗಾದರು. ಹೋಗಲಿ, ಅದು ಅವರ ಊರಿನ ಊಟ. ನಮ್ಮ ಪೆರ್ಡೂರಿನ ಹುಡುಗರೂ ಅಲ್ಲಿ ತಟ್ಟೆ ಹಿಡಿದು ನಿಂತದ್ದು ಕಂಡಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಮೊದಲು ರೇಟು ಇಳಿಸಿದೆ. ಅವಳೂ ಇಳಿಸಿದಳು. ನಾನೇ ರೊಟ್ಟಿ ಮಾಡಲು ಹೋದೆ, ಅದು ಕೋಳಿ ಸಾರಿಗೆ ಮುರಿದು ಹಾಕುವ ನಮ್ಮ ಕೋರಿ ರೊಟ್ಟಿಯ ಹಾಗೆ ಹಪ್ಪಳವಾಯಿತು. "ಆಂಟಿ, ಇದಕ್ಕೆ ಕೋಳಿ ಸಾರು ಎಲ್ಲಿ?" ಅಂತ ಒಬ್ಬ ಕೇಳಿದ, ಎಲ್ಲ ನಕ್ಕರು. ಆಗ ಪ್ರಖ್ಯಾತ, "ಅಮ್ಮಾ, ಹೀಗೆ ಇಳಿಸ್ತಾ ಹೋದರೆ ಇಬ್ಬರೂ ಮುಳುಗ್ತೀರಿ. ಅವರ ಹತ್ರ ಇಲ್ಲದ್ದು ನಿನ್ನ ಹತ್ರ ಎಂತ ಉಂಟು? ಅದನ್ನು ಮಾಡು ಮಾರಾಯ್ತಿ" ಅಂದ. ಓದದವನ ಬಾಯಲ್ಲಿ ಎಂಥಾ ಮಾತು ನೋಡು. ಕಾಪುವಿನಿಂದ ಬೈಕಿನಲ್ಲಿ ಮೀನು ತರುವ ಬ್ಯಾಪ್ಟಿಸ್ಟನಿಗೆ ಹೇಳಿ ದಿನಾ ಬಂಗುಡೆ, ಬೂತಾಯಿ ಹಾಕಿಸಿಕೊಂಡೆ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಮೀನು ಗಸಿ. ಬಿಟ್ಟುಹೋದವರಲ್ಲಿ ಅರ್ಧ ಜನ ವಾಪಸು ಬಂದರು. ಸಾಂಬಾರೂ ದಪ್ಪವಾಯಿತು. ನಿಜ ಹೇಳಬೇಕಾದರೆ ಅವಳು ಎದುರಿಗೆ ಬಂದ ಮೇಲೆಯೇ ನಾನು ಸರಿಯಾಗಿ ಅಡುಗೆ ಮಾಡಿದ್ದು. ಮೀನು ಬೇಕಾದವರು ನನ್ನಲ್ಲಿಗೆ, ರೊಟ್ಟಿ ಬೇಕಾದವರು ಅಲ್ಲಿಗೆ. ಇಬ್ಬರ ಒಲೆಯೂ ಉರಿಯುತ್ತಿತ್ತು. "ಸಾಕಲ್ಲ, ಇನ್ನೆಂತ ಬೇಕು ನಿನಗೆ?" ಅಂತ ಅಪ್ಪ ಕೇಳುತ್ತಿದ್ದರು. ನನಗೆ ಸಾಕಾಗಲಿಲ್ಲ ಮಗಾ. ಕಿಟಕಿಯಿಂದ ಅವಳ ಬಾಗಿಲಿನ ಸಾಲು ಎಣಿಸುವ ಚಟ ಹಿಡಿದಿತ್ತು.

ಜೂನ್‌ನಲ್ಲಿ ದೋಣಿಗಳು ದಡ ಸೇರಿ ಎರಡು ತಿಂಗಳು ಮೀನುಗಾರಿಕೆ ಬಂದ್ ಆಯಿತಲ್ಲ, ಬ್ಯಾಪ್ಟಿಸ್ಟ್ ತರುತ್ತಿದ್ದ ಐಸಿನ ಮೀನನ್ನು ಬೆಕ್ಕೂ ಮೂಸುವ ಹಾಗಿರಲಿಲ್ಲ. ಮಕ್ಕಳು ಮತ್ತೆ ಆ ಕಡೆ ಜಾರಿದರು. ಎರಡು ತಿಂಗಳು ತಾಳಿದ್ದರೆ ಆಗುತ್ತಿತ್ತು. ತಾಳಲಿಲ್ಲ. ಕೊರಗಜ್ಜನ ಕಟ್ಟೆಗೆ ಹೋಗಿ ಕೈಮುಗಿದು, "ಅಜ್ಜಾ, ಎದುರಿನ ಮೆಸ್ ಮುಚ್ಚಲಿ, ಚಕ್ಕುಲಿ, ವೀಳ್ಯ ತಂದು ಒಪ್ಪಿಸುತ್ತೇನೆ" ಅಂತ ಹರಕೆ ಹೇಳಿಕೊಂಡೆ. ಜನ ಅಲ್ಲಿ ಕಳೆದುಹೋದ ಚಿನ್ನ ಸಿಗಲಿ, ಮಕ್ಕಳ ಜ್ವರ ಬಿಡಲಿ ಅಂತ ಕೇಳುತ್ತಾರೆ. ನಾನು ಕೇಳಿದ್ದು ಇದು. ಥೂ.

ಆಗಸ್ಟಿನಲ್ಲಿ ಹೊಸ ಬ್ಯಾಚಿನ ಮಕ್ಕಳು ಅಪ್ಪ ಅಮ್ಮನ ಜೊತೆ ಬಂದರು. ಫೋನ್ ನೋಡಿಕೊಂಡು ಎಲ್ಲರೂ ನಮ್ಮ ಬಾಗಿಲಿಗೇ ಬಂದರು. ಅವಳಲ್ಲಿಗೆ ಒಬ್ಬರೂ ಹೋಗಲಿಲ್ಲ. ಅವಳ ಹಳಬರಲ್ಲಿ ಹೆಚ್ಚಿನವರು ಓದು ಮುಗಿಸಿ ಹೋಗಿದ್ದರು. ತಿಂಗಳ ಕೊನೆಗೆ ಲಕ್ಕವ್ವ ಬೋರ್ಡು ಇಳಿಸಿದಳು. ಅಜ್ಜ ಕೇಳಿಸಿಕೊಂಡರು ಅಂತ ನಾನು ಆವತ್ತು ಪಾಯಸ ಮಾಡಿದೆ.

ಹರಕೆ ಬಾಕಿ ಇಡಬಾರದು ಅಂತ ಮೊನ್ನೆ ಶುಕ್ರವಾರ ಸಂಜೆ ಕಟ್ಟೆಗೆ ಹೋದೆ. ಅಲ್ಲಿ ಪ್ರಾರ್ಥನೆ ಮಾಡುವ ಭುಜಂಗಣ್ಣ, "ಎಂತಕ್ಕೆ ಹೇಳಿಕೊಂಡದ್ದು ಅಕ್ಕಾ? ಬಾಯಿಬಿಟ್ಟು ಹೇಳಿ, ನಾನು ಅಜ್ಜನಿಗೆ ಹೇಳಬೇಕಲ್ವಾ?" ಅಂದರು. "ವ್ಯಾಪಾರ ಒಳ್ಳೆಯದಾಗಲಿ ಅಂತ" ಅಂದೆ. "ಆಯ್ತಾ ಒಳ್ಳೆಯದು?" ಅಂತ ಕೇಳಿದರು. "ಆಯ್ತು" ಅಂದೆ.

"ಇನ್ನೂ ಚಲೋ ಆಗ್ಲಿರಿ ಅಕ್ಕಾರ" ಅಂತ ಹಿಂದಿನಿಂದ ಕೇಳಿತು. ತಿರುಗಿದರೆ ಲಕ್ಕವ್ವ! ಕೈಯಲ್ಲಿ ಅವಳದ್ದೂ ಒಂದು ಚಕ್ಕುಲಿ ಪ್ಯಾಕೆಟು. ಈಗ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳಂತೆ, ರೊಟ್ಟಿ ತಟ್ಟುತ್ತಿದ್ದ ಬೆರಳೆಲ್ಲ ಸಿಪ್ಪೆಯ ಎಣ್ಣೆಗೆ ಕಪ್ಪಾಗಿದ್ದವು. "ನಮ್ಮ ಮನಿಯವರಿಗೆ ಮೈಯಾಗ ಆರಾಮಿಲ್ಲರಿ, ಅದಕ್ಕ ಬಂದೆ" ಅಂದಳು. ಆಮೇಲೆ ಪ್ಯಾಕೆಟನ್ನು ಕಟ್ಟೆಯ ಮೇಲಿಟ್ಟು, "ಆಶ್ರಿತಾ ಹ್ಯಾಂಗದಾಳರಿ? ನನ್ನ ಕೈಯಿಂದ ಏನರ ತಪ್ಪಾಗಿದ್ದರ ಹೊಟ್ಟ್ಯಾಗ ಹಾಕ್ಕೊ ಅಂತ ಹೇಳ್ರಿ ಆಕಿಗೆ" ಅಂದಳು.

"ಹೇಳ್ತೇನೆ" ಅಂದು ಪ್ರಸಾದವನ್ನೂ ತೆಗೆದುಕೊಳ್ಳದೆ ರಿಕ್ಷಾ ಹತ್ತಿದೆ. ಆವತ್ತಿನಿಂದ ನನಗೆ ಅನ್ನ ಇಳಿಯುವುದಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಅಜ್ಜ ನಿನ್ನನ್ನು ಚೆನ್ನಾಗಿಟ್ಟಿರಲಿ. ನನ್ನ ಬುದ್ಧಿ ಮಾತ್ರ ನಿನಗೆ ಬಾರದಿರಲಿ, ಅದೇ ನನ್ನ ಆಶೀರ್ವಾದ.

ನಿನ್ನ ಅಮ್ಮ,
ಗುಣವತಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಮೆಸ್ ಮುಚ್ಚಿಸಿದ್ದು ಅಜ್ಜ ಅಲ್ಲ, ನಾನು. ಹರಕೆ ಹೇಳಿ ಬಂದ ದಿನವೇ, ನೀನು ಕೊಟ್ಟ ಹಳೆಯ ಫೋನಿನ ಮ್ಯಾಪಿನಲ್ಲಿ ಲಕ್ಕವ್ವನ ಮೆಸ್ಸಿಗೆ ಒಂದೇ ಒಂದು ಸ್ಟಾರ್ ಒತ್ತಿ, "ರೊಟ್ಟಿಯಲ್ಲಿ ಹುಳ ಇತ್ತು, ಎರಡು ದಿನ ವಾಂತಿ" ಅಂತ ಬರೆದು ಹಾಕಿದೆ. ಹುಳವೂ ಇರಲಿಲ್ಲ, ವಾಂತಿಯೂ ಇರಲಿಲ್ಲ. ಹೊಸ ಮಕ್ಕಳು ಓದಿದ್ದು ಅದನ್ನೇ. ಆ ಫೋನಿನಲ್ಲಿ ಇನ್ನೂ ನಿನ್ನ ಖಾತೆಯೇ ಇತ್ತು ಮಗಾ, ಹಾಗಾಗಿ ಬರೆದದ್ದರ ಮೇಲೆ ನಿನ್ನ ಹೆಸರು, ನಿನ್ನ ಫೋಟೋ ಬಿತ್ತು. ಬರೆಯುವಾಗ ನನಗೆ ಅದು ಗೊತ್ತಿರಲಿಲ್ಲ. ಮರುದಿನ ಗೊತ್ತಾಯಿತು. ಅಳಿಸಬಹುದಿತ್ತು. ಅಡ್ಮಿಷನ್ ಮುಗಿಯಲಿ ಅಂತ ಬಿಟ್ಟೆ. ಶಿಲ್ಪಾ ನಿನ್ನ ಫೋನ್ ಎತ್ತದಿರುವುದು ಅದಕ್ಕೇ. ಅವರ ಮನೆಯವರ ಲೆಕ್ಕದಲ್ಲಿ ಇವತ್ತಿಗೂ ಅವರ ಅನ್ನಕ್ಕೆ ಕಲ್ಲು ಹಾಕಿದವಳು ನೀನು, ನಾನಲ್ಲ.