ನಾನು ಕಟ್ಟಿದ ಬಲೆ, ನೀವು ಹರಾಜು ಹಾಕಿದ ಬಲೆ

ಹೊಳೆ-ಕೆರೆಗಳ ಮೀನುಗಾರಿಕೆಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿ ಮಾರ್ಚ್ ತಿಂಗಳಲ್ಲಿ ಹರಾಜು ಹಾಕಿದ ಏಡಿಬಲೆಯೊಂದರಲ್ಲಿ ಸಿಕ್ಕು ಏಪ್ರಿಲ್ ತಿಂಗಳಲ್ಲಿ ಒಂದು ತಾಯಿ ನೀರುನಾಯಿ ಸತ್ತಿತು. ಅದರ ಮೂರು ಮರಿಗಳೂ ಬದುಕಲಿಲ್ಲ. ಆ ಬಲೆಯನ್ನು ಕಟ್ಟಿದವನು ನಾನು, ಹರಾಜು ಹಾಕಿದವರು ತಾವು. ಶಿಕ್ಷೆ ಮಾತ್ರ ಆಗಿದ್ದು ಮೂರನೆಯವನಿಗೆ, ಅದೂ ಅಂಥ ಬಲೆಗಳನ್ನು ಹೊಳೆಯಿಂದ ಹೊರಗೆ ತೆಗೆದ ಅಪರಾಧಕ್ಕೆ. ಎರಡು ಸಲ ಲಕೋಟೆಯಲ್ಲಿ ಅರ್ಜಿ ಕಳಿಸಿದ್ದೆ. ಅವು ತಮ್ಮ ಮೇಜಿಗೆ ಬಂದವೋ ಇಲ್ಲವೋ ತಿಳಿಯದು. ಆದ್ದರಿಂದ ಈ ಸಲ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಮುಂಡರಗಿ ಪೇಟೆಯಲ್ಲಿ ನನ್ನದೊಂದು ಹಗ್ಗದ ಅಂಗಡಿ. ದನಕ್ಕೆ ಕಣ್ಣಿ, ಎತ್ತಿಗೆ ಮೂಗುದಾರ, ಬಾವಿಗೆ ಹಗ್ಗ, ಇವು ನನ್ನ ಕಸುಬು. ಐದು ವರ್ಷದ ಹಿಂದೆ ನೈಲಾನ್ ದಾರ ಪೇಟೆಗೆ ಬಂತು. ಆಗಲೇ ಗದಗ-ಬೆಟಗೇರಿಯ ನಾಲ್ಕಾರು ಜನ ಮೋಟರ್ ಸೈಕಲ್ಲಿನಲ್ಲಿ ಬಂದು, ರವಿವಾರ ಹೊಳೆಗೆ ಹೋಗುತ್ತೇವೆ, ಮೋಜಿಗೆ ಏಡಿ ಹಿಡಿಯಲು ಏನಾದರೂ ಮಾಡಿಕೊಡು ಎಂದರು. ಹಳೆಯ ಸೈಕಲ್ಲಿನ ಎರಡು ರಿಮ್ಮುಗಳ ನಡುವೆ ನೈಲಾನ್ ಜಾಳಿಗೆ ಹೆಣೆದು, ಒಳಕ್ಕೆ ಸೊಟ್ಟಗೆ ಇಳಿಯುವ ಒಂದು ಬಾಯಿ ಇಟ್ಟುಕೊಟ್ಟೆ. ಕೋಳಿಯ ಕರುಳು ಕಟ್ಟಿ ನೀರಿಗೆ ಇಳಿಬಿಟ್ಟರೆ ಏಡಿ ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಅದಕ್ಕೆ ಸಿಗುವುದಿಲ್ಲ. ನನ್ನ ಬುದ್ಧಿಗೆ ನಾನೇ ಹಿಗ್ಗಿದೆ. ಆಮೇಲೆ ಲಕ್ಷ್ಮೇಶ್ವರದಿಂದ ಬಂದರು, ಶಿರಹಟ್ಟಿಯಿಂದ ಬಂದರು. ಗುರುತಿಗೆ ರಿಮ್ಮುಗಳಿಗೆ ಕೆಂಪು ಬಣ್ಣ ಬಳಿದೆ.

ಬಂದವರು ಕೆಟ್ಟವರಲ್ಲ. ಹೆಂಡತಿ ಮಕ್ಕಳೊಡನೆ ಬರುವರು, ಬಂಡೆಯ ಮೇಲೆ ಅಡಿಗೆ ಮಾಡುವರು, ಹಾಡುವರು. ಹಗ್ಗ ಬಂಡೆಗೆ ಸಿಕ್ಕಿ ಹರಿದರೆ ಬಲೆಯನ್ನು ಅಲ್ಲೇ ಬಿಟ್ಟು ಹೋಗುವರು. ಹತ್ತಿಯ ದಾರವಾದರೆ ಒಂದು ಮಳೆಗಾಲಕ್ಕೆ ಕೊಳೆಯುತ್ತದೆ. ನೈಲಾನ್ ಕೊಳೆಯುವುದಿಲ್ಲ. ಒಳಗಿನ ಏಡಿ ಸಾಯುತ್ತದೆ, ಆ ವಾಸನೆಗೆ ಆಮೆ ಬರುತ್ತದೆ, ಆಮೆಯೂ ಸಾಯುತ್ತದೆ. ಯಾರೂ ಹಿಡಿಯದ, ಯಾರೂ ತಿನ್ನದ ಈ ಬೇಟೆಗೆ ಯಾವ ಹೆಸರಿಡಬೇಕೋ ತಾವೇ ಹೇಳಬೇಕು.

ಹೊಳೆದಂಡೆಯಲ್ಲಿ ಗೋಣೆಪ್ಪ ಎಂಬ ಅಂಬಿಗನಿದ್ದಾನೆ. ಅರವತ್ತು ದಾಟಿದವನು. ಹರಗೋಲು ಹಾಕಿ ಜನರನ್ನು ಆಚೆ ದಂಡೆಗೆ ಮುಟ್ಟಿಸುವುದು ಅವನ ಬದುಕು. ಹೋದ ವರ್ಷ ದೀಪಾವಳಿಗೆ ಮುಂಚೆ ಒಂದು ಸೋಮವಾರ ಸಂತೆಯ ಹೊತ್ತಿನಲ್ಲಿ ಅಂಗಡಿಗೆ ಬಂದ. ಬಲಗೈಗೆ ಅರಿವೆ ಸುತ್ತಿತ್ತು. ಹರಿದ ಬಲೆಯೊಂದನ್ನು ನನ್ನ ಮುಂದೆ ಇಟ್ಟ.

“ಬುಡ್ಡೇಸಾಬ, ಈ ಗಂಟು ನಿಂದ ಹೌದಲ್ಲ?”

“ಹೌದು. ಕೈಗೇನಾತೋ?”

“ಇದರಾಗ ದೊಡ್ಡ ಆಮಿ ಸಿಕ್ಕಿತ್ತು. ಕೊಳ್ಳಾಗ ದಾರ ಇಳದಿತ್ತು. ಕೊಯ್ದು ಬಿಡಸಾಕ ಹೋದ್ನಿ, ಕಚ್ಚಿತು. ಎರಡು ಬಟ್ಟು ಹೋದುವು.”

“ಆಮಿ?”

“ಬಿಟ್ಟೆ. ಬಲಿ ಹಾಕಿದಾವ ಯಾರು, ಬಿಡಸಾವ ಯಾರು, ಅದಕ್ಕೇನ ಗೊತ್ತು?”

ಅವನು ನನ್ನನ್ನು ಬೈಯಲಿಲ್ಲ. “ಕಟ್ಟಬ್ಯಾಡ ಅನ್ನಂಗಿಲ್ಲ, ನಿನಗೂ ಹೊಟ್ಟಿ ಐತಿ. ಹತ್ತಿ ದಾರದಾಗ ಕಟ್ಟು” ಎಂದ. ಹತ್ತಿಯದನ್ನು ಯಾರೂ ಕೊಳ್ಳುವುದಿಲ್ಲ ಎಂದು ನಾನು ವಾದಿಸಿದೆ. ಅವನು ಹೋದಮೇಲೂ ದನಿ ಏರಿಸಿ ಅದನ್ನೇ ಹೇಳುತ್ತಿದ್ದಾಗ ನನ್ನ ಹೆಂಡತಿ ದಿಲಶಾದಬಿ, “ಬಟ್ಟು ಹೋದಾವ ಸುಮ್ಮನ ಹೋದ. ಹತ್ತೂ ಇದ್ದ ನೀವು ಯಾಕ ಒದರಾಡ್ತೀರಿ?” ಎಂದಳು. ಆದರೂ ನಾನು ನೈಲಾನಿನಲ್ಲೇ ಕಟ್ಟಿದೆ. ಇದನ್ನು ಮುಚ್ಚಿಟ್ಟು ತಮ್ಮನ್ನು ದೂರುವುದು ಸರಿಯಲ್ಲ.

ಗೋಣೆಪ್ಪ ಉಳಿದ ಎಂಟು ಬೆರಳಿನಿಂದ ಹೊಳೆ ಬಳಿದ. ಮೂರು ತಿಂಗಳಲ್ಲಿ ನಲವತ್ತಮೂರು ಬಲೆ ತೆಗೆದು ತನ್ನ ಗುಡಿಸಲಿನ ಪಕ್ಕದಲ್ಲಿ ಒಟ್ಟಿದ. ಇವನ್ನು ಸರಕಾರ ಒಯ್ಯಲಿ, ಮೋಜಿನ ಬಲೆಗೊಂದು ನಿಯಮ ಮಾಡಲಿ ಎಂದು ಅವನ ಹೆಸರಿನಲ್ಲಿ ಆ ಎರಡು ಅರ್ಜಿಗಳನ್ನು ಬರೆದುಕೊಟ್ಟವನು ನಾನೇ. ಫೆಬ್ರುವರಿಯ ಒಂದು ರವಿವಾರ ತಮ್ಮ ಸಿಬ್ಬಂದಿ ಜೀಪಿನಲ್ಲಿ ಬಂದರು. ದಂಡೆಯ ಮೇಲೆ ಮೋಜಿನವರು ಬಲೆ ಇಳಿಸುತ್ತಿದ್ದರು. ಅವರ ನಮಸ್ಕಾರ ಸ್ವೀಕರಿಸಿ, ಅವರನ್ನು ದಾಟಿ, ನೆಟ್ಟಗೆ ಗುಡಿಸಲಿಗೆ ಹೋದರು. ಗೋಣೆಪ್ಪನ ಹೆಂಡತಿ ಸಾವಕ್ಕ ಕೈಮುಗಿದು ಹೇಳಿದಳು:

“ಸಾಹೇಬ್ರ, ಅವು ನಮ್ಮ ಬಲಿ ಅಲ್ಲರಿ. ಹೊಳ್ಯಾಗಿನೂವು. ನೀವು ಬಂದು ಒಯ್ಯಲಿ ಅಂತನ ಅರ್ಜಿ ಬರಿಸೇವಿ.”

“ಅರ್ಜಿ ಬ್ಯಾರೆ ಟೇಬಲ್ಲಿಗೆ ಹೋಗತೈತಿ ಯವ್ವಾ. ನಾವು ಕಣ್ಣಿಗೆ ಕಂಡದ್ದು ಬರಕೊಂತೀವಿ.”

ಕಣ್ಣಿಗೆ ಕಂಡದ್ದು, ಪರವಾನಗಿಯಿಲ್ಲದೆ ಬಲೆಗಳ ದಾಸ್ತಾನು. ಬಲೆಗಳನ್ನೂ ಹರಗೋಲನ್ನೂ ಜಪ್ತಿ ಮಾಡಿದರು. ನಾನು ತಮ್ಮ ಕಚೇರಿಗೆ ಓಡಿದೆ. ಕಟ್ಟಿದವನು ನಾನು, ಮಾರಿದವನು ನಾನು, ನನ್ನ ಮೇಲೆ ಬರೆಯಿರಿ ಎಂದೆ. ಅಲ್ಲಿದ್ದ ಗುಮಾಸ್ತರು ಸಾವಧಾನವಾಗಿ ತಿಳಿಸಿಕೊಟ್ಟರು: “ಕಟ್ಟೋದು ತಪ್ಪಲ್ಲ, ಮಾರೋದು ತಪ್ಪಲ್ಲ. ಮೋಜಿಗಂತ ನೀರಾಗ ಬಿಡಾಕ ನಮ್ಮ ಕಡೆ ನಿಯಮಾನ ಇಲ್ಲ. ಮನ್ಯಾಗ ಒಟ್ಟಿಕೊಂಡದ್ದು ತಪ್ಪು.” ಎಂಥ ಸೂಕ್ಷ್ಮವಾದ ನ್ಯಾಯ! ವಿಷ ಅರೆಯಬಹುದು, ಮಾರಬಹುದು, ಬಾವಿಗೆ ಸುರಿಯಬಹುದು. ಬಾವಿಯಿಂದ ಬಸಿದು ತೆಗೆದವನು ಮಾತ್ರ ವಿಷ ಇಟ್ಟುಕೊಂಡ ಕಳ್ಳ.

ಜಪ್ತಿ ಮಾಡಿದ ಮಾಲು ಕಚೇರಿಯಲ್ಲಿ ಜಾಗ ತಿನ್ನುತ್ತದಂತೆ. ಮಾರ್ಚಿನಲ್ಲಿ ಹರಾಜು ಕೂಗಿದಿರಿ. ಕೊಂಡವರು ಅದೇ ಮೋಜಿನ ತಂಡದವರು. ನಾನೂ ಅಲ್ಲಿ ನಿಂತಿದ್ದೆ. ನಾನೇ ಕೂಗಿ ಕೊಂಡು ಸುಟ್ಟುಹಾಕಬಹುದಿತ್ತು. ಕೂಗಲಿಲ್ಲ. ಯಾಕೆ ಎಂದು ಇವತ್ತಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ.

ಏಪ್ರಿಲಿಗೆ ಹೊಳೆ ಇಳಿದು ಬರೀ ಮಡುಗಳು ಉಳಿದವು. ಬೇಸಿಗೆಯಲ್ಲಿ ಮೀನು, ಏಡಿ, ಆಮೆ, ಎಲ್ಲಕ್ಕೂ ಅವೇ ಆಸರೆ. ಅವುಗಳ ಬೆನ್ನಿಗೆ ನೀರುನಾಯಿಯೂ ಬರುತ್ತದೆ. ಒಂದು ದಿನ ಮಟಮಟ ಮಧ್ಯಾಹ್ನ ಗೋಣೆಪ್ಪ ಬಸ್ಸಿನಲ್ಲಿ ಬಂದು, “ನಡಿ” ಎಂದಷ್ಟೇ ಹೇಳಿ ನನ್ನನ್ನು ಕರೆದುಕೊಂಡು ಹೋದ. ಮಡುವಿನ ಬಂಡೆಯ ಮೇಲೆ ಮೂರು ಮರಿಗಳು ಸಿಳ್ಳು ಹಾಕಿದಂತೆ ಕೂಗುತ್ತಿದ್ದವು. ಇಬ್ಬರೂ ಎದೆಮಟ ನೀರಿಗಿಳಿದು ಬಲೆ ಎಳೆದೆವು. ಕೆಂಪು ರಿಮ್ಮು ಮೊದಲು ಕಂಡಿತು, ಅದರ ಮೇಲೆ ಜಪ್ತಿ ಮಾಡಿದಾಗ ತಮ್ಮವರು ಬಿಳಿ ಬಣ್ಣದಲ್ಲಿ ಬರೆದ ನಂಬರು. ಒಳಗೆ ತಾಯಿ. ಉಸಿರಿಗೆ ಮೇಲೆ ಬರಬೇಕಾದ ಪ್ರಾಣಿ ಅದು, ಜಾಳಿಗೆ ಬಿಡಲಿಲ್ಲ. ಕಡಿದು ಕಡಿದು ಮುಂದಿನ ಹಲ್ಲು ಮುರಿದಿದ್ದವು. ನನ್ನ ಒಂದು ಗಂಟೂ ಬಿಚ್ಚಿರಲಿಲ್ಲ.

ಬಲೆ ಕೊಯ್ದು ಅದನ್ನು ಉಸುಕಿನ ಮೇಲೆ ಮಲಗಿಸಿದೆವು. ನಾವು ದೂರ ಸರಿದ ಕೂಡಲೆ ಮರಿಗಳು ಬಂಡೆಯಿಂದಿಳಿದು ಬಂದು ಮೊಲೆ ಹುಡುಕಿದವು. ಗೋಣೆಪ್ಪ ಮುಖ ತಿರುಗಿಸಿ ಕುಳಿತ. ಸಾವಕ್ಕ ಮೂರನ್ನೂ ಉಡಿಯಲ್ಲಿ ತುಂಬಿಕೊಂಡು ಹೋದಳು. ಆಡಿನ ಹಾಲಿನಲ್ಲಿ ಅರಳೆ ಅದ್ದಿ ಕುಡಿಸಿದಳು, ಸಣ್ಣ ಮೀನು ಅರೆದು ತಿನ್ನಿಸಿದಳು. ಮೂರನೆಯ ದಿನ ಒಂದು ಹೋಯಿತು, ಮರುದಿನ ಇನ್ನೊಂದು. ಕಡೆಯದು ಹನ್ನೊಂದು ದಿನ ಇತ್ತು. ಅದು ಹೋದ ದಿನ ಸಾವಕ್ಕ ಒಲೆ ಹಚ್ಚಲಿಲ್ಲ. ಇಂಥ ಪ್ರಾಣಿಯನ್ನು ಕೊಲ್ಲಬಾರದೆಂದು ದಿಲ್ಲಿಯಲ್ಲಿ ಕಾಯ್ದೆಯಾಗಿ ಹನ್ನೆರಡು ವರ್ಷವಾಯಿತಂತೆ. ಅದೂ ಬೇರೆ ಟೇಬಲ್ಲಿಗೆ ಹೋಗಿದೆಯೇ?

ಆ ದಿನದಿಂದ ನಾನು ಏಡಿಬಲೆ ಕಟ್ಟಿಲ್ಲ. ಅದರಿಂದೇನೂ ನಿಂತಿಲ್ಲ. ಈಗ ಬೇರೆ ಊರುಗಳಲ್ಲೂ ಕಟ್ಟುತ್ತಾರೆ.

ಮೇ ತಿಂಗಳಲ್ಲಿ ತಾವು ಗೋಣೆಪ್ಪನ ಮೇಲೆ ದಯೆ ತೋರಿದಿರಿ. ಮುಚ್ಚಳಿಕೆ ಬರೆದುಕೊಟ್ಟರೆ ಹರಗೋಲು ಬಿಡುತ್ತೇವೆ ಎಂದಿರಿ. ಇನ್ನು ಮುಂದೆ ಹೊಳೆಯಲ್ಲಿ ಕಂಡ ಯಾವ ಬಲೆಯನ್ನೂ ಮುಟ್ಟುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ನಾನೇ ಓದಿ ಹೇಳಿದೆ. ಅವನು, “ಹರಗೋಲ ಇಲ್ಲದ ಏನು ಉಣ್ಣಬೇಕು, ಬುಡ್ಡೇಸಾಬ?” ಎಂದು ಹೆಬ್ಬೆಟ್ಟು ಒತ್ತಿದ. ಈ ಹೊಳೆಯಲ್ಲಿ ಬಲೆ ತೆಗೆಯುತ್ತಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ತಾವು ಕಾಯ್ದೆಬದ್ಧವಾಗಿ ನಿಲ್ಲಿಸಿದಿರಿ. ಮೊನ್ನೆ ಅವನ ಹರಗೋಲಿನಲ್ಲಿ ದಾಟುವಾಗ ನೀರಿನಲ್ಲೊಂದು ಬಲೆ ಅಲುಗುತ್ತಿತ್ತು. ಅವನು ನೋಡಿದ. ನಾನೂ ನೋಡಿದೆ. ಅವನು ಹುಟ್ಟು ಹಾಕುತ್ತ ಮುಂದೆ ಹೋದ.

ಮೋಜಿನ ಏಡಿಬಲೆಗೆ ನೈಲಾನ್ ದಾರವನ್ನು ನಿಷೇಧಿಸಿರಿ. ಬಾಯಿಕಟ್ಟು ಒಂದೇ ಮಳೆಗಾಲಕ್ಕೆ ಕೊಳೆತು ಬಿಚ್ಚಿಕೊಳ್ಳುವ ಹತ್ತಿಯದಿರಲಿ. ಬಲೆಗೆ ಅದರ ಒಡೆಯನ ಹೆಸರಿನ ಬಿಲ್ಲೆ ಇರಲಿ, ಹಾಕಿದವನು ತೆಗೆದುಕೊಂಡೇ ದಂಡೆ ಬಿಡಲಿ. ಬೇಸಿಗೆಯ ಮಡುಗಳಲ್ಲಿ ಯಾರೂ ಬಲೆ ಇಳಿಸಕೂಡದು. ಜಪ್ತಿಯಾದದ್ದನ್ನು ಸುಡಿರಿ, ಮಾರಬೇಡಿರಿ. ಇವಕ್ಕೆಲ್ಲ ಸಮಿತಿ, ವರದಿ, ಮೇಲಿನವರ ಒಪ್ಪಿಗೆ ಬೇಕೆನ್ನುವಿರಿ, ಬಲ್ಲೆ. ಆದರೆ ಒಂದು ಕೆಲಸಕ್ಕೆ ಯಾರ ಒಪ್ಪಿಗೆಯೂ ಬೇಡ. ತಮ್ಮ ಕಪಾಟಿನಲ್ಲಿರುವ ಗೋಣೆಪ್ಪನ ಮುಚ್ಚಳಿಕೆಯನ್ನು ಹೊರತೆಗೆದು, ಮಳೆ ಬಂದು ಹೊಳೆ ತುಂಬುವ ಮೊದಲು, ಅವನ ಕಣ್ಣೆದುರಿಗೆ ಹರಿದುಹಾಕಿರಿ.

ಇಂತಿ,
ತಪ್ಪೊಪ್ಪಿಕೊಂಡು ಬಂದರೂ ತಮ್ಮ ಕಚೇರಿ ತಪ್ಪಿತಸ್ಥನೆಂದು ಬರೆದುಕೊಳ್ಳದ,
ಬುಡ್ಡೇಸಾಬ, ಹಗ್ಗದ ಅಂಗಡಿ, ಮುಂಡರಗಿ
ಜೂನ್ ೧೯೮೪