ಹೊಸ ಹಲ್ಲಿನ ಬುಡದಲ್ಲಿ

ಮಾರ್ಚ್ ೯, ಸೋಮವಾರ

ಪ್ರೀತಿಯ ಪುಟ್ಟಿ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಕೂತು ತಿಂಗಳಾಯಿತು. ತಡವಾಯಿತೆಂದು ಬೈಯಬೇಡ, ಹಲ್ಲಿನ ಗತಿ ತಿಳಿಯುವವರೆಗೆ ಪೆನ್ನು ಹಿಡಿಯಲು ಮನಸ್ಸೇ ಬರಲಿಲ್ಲ. ಇವತ್ತು ತಿಳಿಯಿತು. ಹಲ್ಲು ಉಳಿಯಿತು ಕಣೇ!

ನನ್ನ ಮುಂದಿನ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿದ್ದು ನಿನಗೆ ಗೊತ್ತಲ್ಲ, ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು. ಹೋದ ತಿಂಗಳು ಅದರ ಸುತ್ತ ಒಸಡು ಕೆಂಪಗೆ ಊದಿ, ಒತ್ತಿದರೆ ರಕ್ತ ಬರತೊಡಗಿತು. ನಿನ್ನ ಮಗಳ ಮದುವೆ ಹತ್ತಿರ ಬರುತ್ತಿದೆ, ಈಗ ಕಿತ್ತರೆ ಮತ್ತೆ ಬೊಚ್ಚುಬಾಯಿಯೇ ಗತಿ. ನಿನ್ನ ಭಾವನದು ಒಂದೇ ರಾಗ, "ದಾರ ಕಚ್ಚಿ ಕಚ್ಚಿ ಹೀಗಾಯ್ತು ನೋಡು, ಕತ್ತರಿ ಯಾಕಿದೆ ಮನೇಲಿ?" ಆಣೆ ಮಾಡಿ ಹೇಳುತ್ತೇನೆ, ಆ ಹಲ್ಲಿನಿಂದ ಒಂದು ದಾರವನ್ನೂ ಕಚ್ಚಿಲ್ಲ.

ಡಾಕ್ಟರಮ್ಮ ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿ, "ಇಲ್ಲಿ ಸರಿಯಾಗಿ ಬ್ರಷ್ ಮಾಡ್ತೀರಾ?" ಎಂದು ಕೇಳಿದರು.

"ಅಯ್ಯೋ, ಅದನ್ನ ಮುಟ್ಟೋದೇ ಇಲ್ಲ ಡಾಕ್ಟ್ರೇ! ಸ್ಕ್ರೂ ಸಡಿಲ ಆದ್ರೆ?" ಎಂದೆ, ಮಹಾ ಜಾಣೆಯಂತೆ.

ಅವರು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ನೋಡೀಮ್ಮಾ, ಹಲ್ಲು ಹಾಕಿದ ದಿನಾನೇ ಬ್ಯಾಕ್ಟೀರಿಯಾ ಬಂದು ಕೂರ್ತವೆ. ಎಲ್ಲರ ಬಾಯಲ್ಲೂ ಇರೋವೇ. ಮೊದಲು ಬರೋವು ಸಾಧು. ಅವಕ್ಕೆ ಅಂಟ್ಕೊಂಡು ಇನ್ನೊಂದಿಷ್ಟು ಬರ್ತವೆ. ಉಜ್ಜಿ ತೆಗೀದೆ ಬಿಟ್ರೆ ಪದರದ ಮೇಲೆ ಪದರ. ಆಮೇಲೆ ಒಸಡಿನ ಕೆಳಗೆ, ಗಾಳಿ ಆಡದ ಜಾಗದಲ್ಲಿ, ಬೇರೆ ಬಗೆಯವು ಬೀಡುಬಿಡ್ತವೆ. ಕಾಟ ಕೊಡೋದು ಅವೇ."

"ಒಬ್ಬರಿಗೆ ಬಾಡಿಗೆ ಕೊಟ್ರೆ ನೆಂಟರನ್ನೆಲ್ಲ ಕರ್ಕೊಂಡು ಬಂದ ಹಾಗಾಯ್ತು" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. "ಕೀಳ್ಬೇಕಾ?" ಎಂದು ಕೇಳಿದೆ.

"ಮೂಳೆ ಕರಗಿದ್ರೆ ಕಷ್ಟ" ಎಂದು ಎಕ್ಸ್‌ರೇ ತೆಗೆದರು. ಮೂಳೆ ಗಟ್ಟಿಯಾಗಿತ್ತು. ಒಸಡು ಮರಗಟ್ಟಿಸಿ ಬುಡವನ್ನೆಲ್ಲ ಶುಚಿ ಮಾಡಿದರು. ಸಂದಿಗೆ ತೂರುವ ಸಣ್ಣ ಬ್ರಷ್ ಕೊಟ್ಟು, ಒಸಡು ಇಳಿಯುತ್ತದೋ ನೋಡೋಣ ಎಂದು ಕಳಿಸಿದರು. ಅಂದಿನಿಂದ ಸ್ಕ್ರೂ ಎಲ್ಲಿ ಸಡಿಲವಾದೀತೋ ಎಂದುಕೊಂಡೇ ಉಜ್ಜುತ್ತಿದ್ದೆ.

ಇವತ್ತು ಮತ್ತೆ ಹೋದೆ. ಕಡ್ಡಿಯಿಂದ ಸುತ್ತಲೂ ಒತ್ತಿ ನೋಡಿ, "ಒಂದು ತೊಟ್ಟೂ ರಕ್ತ ಇಲ್ಲ, ಗೆದ್ರಿ!" ಎಂದರು. ಬದುಕಿದೆಯಾ ಬಡಜೀವವೇ ಅನ್ನಿಸಿತು. ಹೊರಗೆ ಬಂದು ಕ್ಲಿನಿಕ್ಕಿನ ಗಾಜಿನ ಬಾಗಿಲಿನಲ್ಲಿ ಹಲ್ಲು ಕಿರಿದು ನೋಡಿಕೊಂಡರೆ, ಒಳಗೆ ಸರದಿಗೆ ಕಾದಿದ್ದವರೊಬ್ಬರು ಗಾಬರಿಯಾಗಿ ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು.

ಮದುಮಗಳ ಉಡುಪು ಹೊಲಿದಾಯಿತು, ಗುಂಡಿ ಹಾಕುವುದಷ್ಟೇ ಉಳಿದಿದೆ. ಅವಳು ನೂರು ಕಾಲ ಸುಖವಾಗಿ ಬಾಳಲಿ. ನೀನು ಓಡಾಡಿ ಆರೋಗ್ಯ ಕೆಡಿಸಿಕೊಳ್ಳಬೇಡ.

ನಿನ್ನ ಅಕ್ಕ

ತಾ.ಕ.: ಒಂದು ಮಾತು ಉಳಿಯಿತು. ಹೋದ ವರ್ಷ ಹುಡುಗನ ಕಡೆಯವರು ಬಂದಿದ್ದಾಗ ಎಲ್ಲರೂ ಫೋಟೋಗೆ ನಿಂತೆವಲ್ಲ, ಆಗಿನ್ನೂ ನನಗೆ ಈ ಹಲ್ಲಿರಲಿಲ್ಲ, ನೀನು, "ಅಕ್ಕಾ, ನೀನು ಹಿಂದೆ ನಿಂತ್ಕೋ, ನಕ್ಕುಗಿಕ್ಕೀಯ ಮತ್ತೆ" ಎಂದೆ. ತಮಾಷೆಗೇ ಅಂದಿರಬಹುದು. ಎಲ್ಲರೂ ನಕ್ಕರು, ನಾನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ಆ ಫೋಟೋದಲ್ಲಿ ನಾನು ಬರೀ ಒಂದು ಭುಜ. ಹಲ್ಲು ಹಾಕಿಸಿದ್ದು ಅಗಿಯುವುದಕ್ಕಲ್ಲ ಪುಟ್ಟಿ. ನನಗೆ ತುಂಬಾ ನೋವಾಗಿತ್ತು. ಅದನ್ನೂ ಮುಟ್ಟದೆ ಹಾಗೇ ಬಿಟ್ಟಿದ್ದೆ, ಮುಟ್ಟಿದರೆ ನಮ್ಮಿಬ್ಬರ ನಡುವೆ ಏನಾದರೂ ಸಡಿಲವಾದೀತೆಂಬ ಭಯ. ಈಗ ಹೇಳಿಬಿಟ್ಟೆ, ಹಗುರಾಯಿತು. ಮದುವೆಯ ಫೋಟೋಗೆ ಮುಂದಿನ ಸಾಲಿನಲ್ಲಿ, ನಿನ್ನ ಪಕ್ಕದಲ್ಲೇ ನಿಲ್ಲುತ್ತೇನೆ. ಜಾಗ ಹಿಡಿದಿಟ್ಟಿರು.