ಅಪ್ಪ, ನಾನು ಡಾಕ್ಟರ್ ಅಲ್ಲ

ಪ್ರೀತಿಯ ಅಪ್ಪನಿಗೆ,

ಅಣ್ಣನ ಮದುವೆ ಕಾಗದ ಅಚ್ಚಾಗಿ ಬಂದ ದಿನ ನೆನಪಿದೆಯಾ? ನಿಮ್ಮ ಹೆಸರು, ಅಮ್ಮನ ಹೆಸರು, ಕೆಳಗೆ ‘ಡಾ. ಶೋಭಾ’. ನರ್ಸಿಂಗ್ ಮುಗಿಸಿ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿ ನನಗಿನ್ನೂ ವರ್ಷವಾಗಿರಲಿಲ್ಲ. ಪ್ರೆಸ್ಸಿನವರ ತಪ್ಪೆಂದು ನಕ್ಕೆ. ನೀವೇ ಹಾಗೆ ಬರೆದುಕೊಟ್ಟದ್ದು ಎಂದು ಅಮ್ಮ ಹೇಳಿದಾಗ ಪಿತ್ತ ನೆತ್ತಿಗೇರಿತು.

“ಒಂದಕ್ಷರ ಹಾಕಿದರೆ ಎಂತ ಹೋಗುತ್ತದೆ ಮಾರಾಯ್ತಿ?” ಎಂದಿರಿ.

“ನರ್ಸ್ ಅಂತ ಹೇಳಲಿಕ್ಕೆ ನಿಮಗೆ ನಾಚಿಕೆ ಉಂಟಾ ಅಪ್ಪ?”

ನೀವು ಪೆನ್ನು ಹಿಡಿದು ಜಗಲಿಯಲ್ಲಿ ಕೂತು, ಒಂದೊಂದೇ ಕಾಗದದಲ್ಲಿ ಆ ಅಕ್ಷರವನ್ನು ಹೊಡೆದುಹಾಕಿದಿರಿ. ಬಲೆ ಎಳೆದು ಒರಟಾದ ಆ ಬೆರಳುಗಳನ್ನು ನೋಡಿ ಅಯ್ಯೋ ಎನಿಸಿತು. ಆದರೂ ಎರಡು ದಿನ ಮಾತು ಬಿಟ್ಟೆ. ನಿಮ್ಮ ಮಗಳೇ ತಾನೆ, ಹಠಕ್ಕೆ ಕಡಿಮೆಯೇ?

ಗಲ್ಫಿಗೆ ಹೋಗುವುದಿಲ್ಲ, ಮತ್ತೆ ಓದುತ್ತೇನೆ ಎಂದ ದಿನವೂ ಹಾಗೆಯೇ. ಎಷ್ಟು ಓದಿದರೂ ನರ್ಸೇ ಅಲ್ವಾ ಎಂದು ಕೇಳಿದಿರಿ. ಐಸಿಯುವಿನಲ್ಲಿ ದುಡಿಯುತ್ತಲೇ ಎರಡು ವರ್ಷ ಕಲಿಯುವುದು, ಆಮೇಲೆ ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆಯಲ್ಲೂ ಪಾಲು ವಹಿಸುವ ನರ್ಸ್ ಪ್ರಾಕ್ಟಿಷನರ್ ಎನ್ನುತ್ತಾರೆ ಎಂದು ವಿವರಿಸಲು ಹೊರಟು ಅರ್ಧಕ್ಕೇ ಬಿಟ್ಟೆ. ಮಾಡಿಯೇ ತೋರಿಸುತ್ತೇನೆ ಎಂದುಕೊಂಡಿದ್ದೆ. ಅದು ಮುಗಿಯುವಷ್ಟರಲ್ಲಿ ನೀವೇ ಇರಲಿಲ್ಲ.

ಕಳೆದ ತಿಂಗಳು ನಿಮ್ಮ ಬೋಟಿನ ಜೊತೆಗಾರ, ಕಾಪುವಿನ ವಾಸು ಮಾಮ, ನ್ಯುಮೋನಿಯಾ ಆಗಿ ನಮ್ಮ ಐಸಿಯುಗೆ ಬಂದರು. ವೆಂಟಿಲೇಟರ್ ಹಾಕಬೇಕಾಯಿತು. ಮೊದಲಾದರೆ ಡಾಕ್ಟರುಗಳ ರೌಂಡ್ಸಿನಲ್ಲಿ ನಾನು ಫೈಲು ಹಿಡಿದು ಹಿಂದೆ ನಿಲ್ಲುತ್ತಿದ್ದೆ. ಈ ಸಲ ಮಾಮನ ಎದೆ ಪರೀಕ್ಷಿಸಿ, ರಕ್ತದ ವರದಿ ನೋಡಿ, ಯಂತ್ರದ ಆಸರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದವಳು ನಾನು. ನಾಲ್ಕನೆಯ ದಿನ ಬೆಳಿಗ್ಗೆ, ಇವತ್ತು ಗಂಟಲಿನ ನಳಿಕೆ ತೆಗೆಯಬಹುದು ಎಂದೆ. ಕಿರಿಯ ಡಾಕ್ಟರೊಬ್ಬರು ಇನ್ನೊಂದು ದಿನ ಕಾಯೋಣ ಎಂದರು. ಹಿರಿಯ ಡಾಕ್ಟರು ನನ್ನ ಕಾರಣಗಳನ್ನೆಲ್ಲ ಕೇಳಿ, ಮಾಮನನ್ನೂ ನೋಡಿ, “ಶೋಭಾ ಹೇಳಿದ ಹಾಗೆ ಮಾಡುವ” ಎಂದರು. ಮಾಮ ತಾವಾಗಿಯೇ ಉಸಿರಾಡಿದರು. ಹೆಮ್ಮೆಪಟ್ಟೆ ಅಪ್ಪ, ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ.

ಸ್ವರ ಬಂದ ದಿನ ಮಾಮ ಮೊದಲು ಕೇಳಿದ್ದು, ನೀನು ಡಾಕ್ಟರಾ ಎಂದು. ನೀವು ಮಲ್ಪೆಯಲ್ಲೆಲ್ಲ ಹಾಗೇ ಹೇಳಿಕೊಂಡು ಬಂದಿದ್ದಿರಂತೆ! ಅಲ್ಲ ಮಾಮ, ನರ್ಸ್ ಎಂದೆ.

“ನರ್ಸ್ ಅಂದರೆ ಜನ ನಿನ್ನನ್ನು ಸಸಾರ ಮಾಡಿಯಾರು ಅಂತ ನಮ್ಮ ಚಂದ್ರನಿಗೆ ಹೆದರಿಕೆ ಇತ್ತು” ಎಂದರು ಮಾಮ.

ನಾಚಿಕೆಯಲ್ಲವಾ ಅದು, ಹೆದರಿಕೆಯಾ? ಅಂದೇ ಒಂದು ಮಾತು ಹೇಳಬಾರದಿತ್ತೇ? ನಾನಾದರೂ ಇನ್ನೊಮ್ಮೆ ಕೇಳಬಹುದಿತ್ತು.

ಮೊನ್ನೆ ಭಾನುವಾರ ಮಾಮ, ಪಿಯುಸಿ ಮುಗಿಸಿದ ಮೊಮ್ಮಗಳನ್ನು ಕರೆದುಕೊಂಡು ಉದ್ಯಾವರದ ನಮ್ಮ ಮನೆಗೆ ಬಂದರು. ನೆರೆಯವರೂ ಸೇರಿದ್ದರು. ಇಷ್ಟು ಮಾರ್ಕು ಬಂದಿದೆ, ಡಾಕ್ಟರ್ ಓದಿಸುವುದಿಲ್ಲವಾ ಎಂದು ಯಾರೋ ಕೇಳಿದರು. ಮಾಮನಿಗೆ ಇನ್ನೂ ಏದುಸಿರು. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದರು:

“ಇಲ್ಲ, ಇವಳು ನರ್ಸ್ ಆಗುವುದು. ನಮ್ಮ ಚಂದ್ರನ ಮಗಳ ಹಾಗೆ.”

ನಿಮ್ಮ,
ಶೋಭಾ